ಶಾಂತಕ್ಕನ ನಾಲಿಗೆಯೂ ಥೈಲ್ಯಾಂಡಿನ ಸಾರೂ

ಪಂಪಣ್ಣನ ದುಃಖ ಇಷ್ಟೇ: ಒಂದು ಕಾಲದಲ್ಲಿ ಎಡದಂಡೆ ಕಾಲುವೆಯ ನೀರನ್ನೇ ಅಂಕೆಯಲ್ಲಿಟ್ಟುಕೊಂಡಿದ್ದ ಮನುಷ್ಯ ಈಗ ಹೊತ್ತು ಹೊತ್ತಿಗೂ ಅಡುಗೆಮನೆಯಲ್ಲಿ ಅಂಗೈ ಒಡ್ಡಿ ನಿಲ್ಲಬೇಕಾಗಿತ್ತು.

ಅವನು ನೀರಾವರಿ ಇಲಾಖೆಯಲ್ಲಿ ಲಸ್ಕರ್ ಆಗಿದ್ದವನು. ಲಸ್ಕರ್ ಎಂದರೆ ಕಾಲುವೆ ಗುಂಟ ತಿರುಗಾಡುತ್ತ ಗೇಟು ಎತ್ತುವವನು, ಇಳಿಸುವವನು. ಆದರೆ ಪಂಪಣ್ಣನನ್ನು ಕೇಳಿದರೆ ಆ ಹುದ್ದೆ ಜಿಲ್ಲಾಧಿಕಾರಿಯದಕ್ಕಿಂತ ಒಂದು ಗೇಣು ಮೇಲಿನದು. "ಸಾಹೇಬ್ರು ಸಹಿ ಮಾಡಿದ್ರ ಕಾಗದ ಓಡ್ಯಾಡತಾವು, ನಾ ಚಾವಿ ತಿರುವಿದ್ರ ನೀರು ಓಡ್ಯಾಡತಿತ್ತು" ಎಂಬುದು ಅವನ ವಾದ. ಸಲಿಕೆ ಹಿಡಿದು ಬಂದ ರೈತರ ಎದುರು ಎದೆ ಸೆಟೆದು ನಿಂತವನು. ನೀರು ಬಿಟ್ಟ ತಿಂಗಳುಗಳಲ್ಲಿ ಹಗಲಿಲ್ಲ, ರಾತ್ರಿಯಿಲ್ಲ, ಕಾಲುವೆಯ ಏರಿಯೇ ಅವನ ಮನೆ. ಅಂಥವನಿಗೆ ನಿವೃತ್ತಿಯಾದ ಮೇಲೆ ಬಂದ ಗತಿ ನೋಡಿ.

"ರೀ, ಬರ್ರಿ ಇಲ್ಲಿ, ಉಪ್ಪು ನೋಡ್ರಿ."

ಈ ಕರೆ ಬಂತೆಂದರೆ ಕೈಯಲ್ಲಿದ್ದ ಪೇಪರು ಮಡಚಿ ಒಳಗೆ ಹೋಗಲೇಬೇಕು. ಯಾಕೆಂದರೆ ಕೊರೋನಾದ ಎರಡನೆಯ ಸುತ್ತಿನಲ್ಲಿ ಹೆಂಡತಿ ಶಾಂತಕ್ಕನಿಗೆ ಜ್ವರ ಬಂದಿತ್ತು. ಜ್ವರವೇನೋ ಹೋಯಿತು, ಹೋಗುವಾಗ ಬಾಯಿರುಚಿಯನ್ನೂ ಮೂಗಿನ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಉಪ್ಪು, ಹುಳಿ, ಖಾರ, ಸಿಹಿ ಯಾವುದೂ ತಿಳಿಯದು. ಗಂಗಾವತಿಯ ಆ ಓಣಿಯಲ್ಲಿ ಯಾರ ಮನೆಯ ಒಗ್ಗರಣೆಯಲ್ಲಿ ಬೆಳ್ಳುಳ್ಳಿ ಸೀದಿದೆ ಎಂದು ತನ್ನ ಹೊಸ್ತಿಲ ಮೇಲೆ ಕೂತೇ ಹೇಳುತ್ತಿದ್ದ ಹೆಂಗಸು ಅವಳು. ಅಂಥವಳು "ಮಣ್ಣು ತಿಂದಂಗ ಆಗಾಕತ್ತೈತ್ರಿ" ಎಂದು ತಟ್ಟೆ ಸರಿಸಿ ಎದ್ದ ದಿನ ಪಂಪಣ್ಣನ ಗಂಟಲಲ್ಲೂ ರೊಟ್ಟಿ ಇಳಿಯಲಿಲ್ಲ. ಡಾಕ್ಟರು, ತಾನಾಗಿಯೇ ಬರುತ್ತದೆ ಎಂದರು. ತಾನಾಗಿಯೇ ಬರುವುದಕ್ಕೆ ನಿಮಗೆ ಫೀಸು ಯಾಕೆ ಎಂದು ಪಂಪಣ್ಣ ಕೇಳಲಿಲ್ಲ. ಕೇಳುವ ಹುರುಪೂ ಉಳಿದಿರಲಿಲ್ಲ.

ಅಂದಿನಿಂದ ರುಚಿ ನೋಡುವ ಸರ್ಕಾರಿ ಹೊಣೆ ಅವನ ತಲೆಗೆ ಬಂತು. ಶಾಂತಕ್ಕ ಸೌಟಿನಿಂದ ಒಂದು ಹನಿ ಸಾರು ಅವನ ಅಂಗೈಗೆ ಬಿಡುವಳು. (ಸೌಟಿಗೇ ಬಾಯಿ ಹಚ್ಚಿದರೆ ಎಂಜಲಾಗುತ್ತದಲ್ಲ.) ಅವನು ನೆಕ್ಕಿ ತೀರ್ಪು ಹೇಳಬೇಕು. ಉಪ್ಪು ಬೇಕು ಎಂದರೆ ಎಷ್ಟು ಎಂದು ಹೇಳಬೇಕು. ಸರಿ ಇದೆ ಎಂದರೆ, "ಖರೇ ಹೇಳ್ರಿ, ನನ್ನ ಸಲುವಾಗಿ ಸುಳ್ಳು ಹೇಳಬ್ಯಾಡ್ರಿ" ಎಂಬ ಅಡ್ಡ ಸವಾಲು. ಹೇಗೂ ಬಂದಿದ್ದೀರಿ ಎಂದು ಒಂದು ಮೊರ ಅವರೆಕಾಯಿ ಮುಂದೆ ಸರಿಯುತ್ತಿತ್ತು. ಕೈ ಕೆಲಸದಲ್ಲಿದ್ದಾಗ ಬಾಯಿ ಸುಮ್ಮನಿರಬೇಕಲ್ಲ; ಯಾವ ಗೇಟು ಯಾವ ವರ್ಷ ಕಿತ್ತುಹೋಯಿತು, ಯಾವ ಊರಿನವರು ನಡುರಾತ್ರಿ ನೀರು ಕದ್ದರು ಎಂದೆಲ್ಲ ಅವನು ಹೇಳುವನು. ಅವಳು ರೊಟ್ಟಿ ಬಡಿಯುತ್ತ ಹೂಂಗುಡುವಳು. ಒಮ್ಮೆ ಬೇಳೆಯಲ್ಲಿ ಉಪ್ಪು ಸುರಿದುಹೋಗಿ ಊಟವೇ ಕೆಟ್ಟಿತ್ತು, ಅಂದಿನಿಂದ ಅವನು ಒಂದು ಹೊತ್ತೂ ತಪ್ಪಿಸಲಿಲ್ಲ.

ಇತ್ತ ಚಹಾದಂಗಡಿಯ ಬೆಂಚಿನ ಮೇಲೆ ಅವನ ಜಾಗ ಖಾಲಿ ಬಿದ್ದು, "ಪಂಪಣ್ಣಗ ಪ್ರಮೋಷನ್ ಆಗೇತಿ, ಈಗ ಸಾರಿನ ಲಸ್ಕರ್" ಎಂದು ಗೆಳೆಯರು ನಗುತ್ತಿದ್ದರು. ನಗಲಿ. ಅದನ್ನಾದರೂ ತಡೆಯಬಹುದಿತ್ತು. ತಡೆಯಲಾಗದ್ದು ಊಟದ ಹೊತ್ತು. ಎಣ್ಣೆಗಾಯಿ ಘಮಘಮ ಎನ್ನುತ್ತಿರುವಾಗ ಎದುರಿಗೆ ಹೆಂಡತಿ ಸಪ್ಪೆ ಮುಖ ಮಾಡಿಕೊಂಡು ತುತ್ತು ನುಂಗುವುದನ್ನು ನೋಡುವುದಿದೆಯಲ್ಲ, ಅದು ಶತ್ರುವಿಗೂ ಬೇಡ. ಚೆನ್ನಾಗಿದೆ ಎನ್ನಲೂ ನಾಚಿಕೆ, ಎನ್ನದಿರಲೂ ಸಂಕಟ. ಮನೆಗೆ ಮಂಕು ಕವಿದಿತ್ತು. ಅವಳ ನಾಲಿಗೆ ಮರಳಿ ಬಂದರೆ ಸಾಕು, ಇನ್ನೇನೂ ಬೇಡ ಎಂದು ಅವನು ಹುಲಿಗೆಮ್ಮನಿಗೆ ಹರಕೆ ಹೊತ್ತ. ಬೇವಿನ ಚಿಗುರು ಅಗಿಸಿದ. ಹಸಿ ಹಾಗಲಕಾಯಿ ಅರೆದು ದಿನಾ ಒಂದು ಲೋಟ ರಸ ಕುಡಿಸಿದ. ಅವಳು ಹುಬ್ಬು ಸಹ ಗಂಟಿಕ್ಕದೆ ಕುಡಿದು ಲೋಟ ಕೆಳಗಿಟ್ಟಾಗ ಅವನು ಹೊರಗೆ ಹೋಗಿ ಕಣ್ಣೊರೆಸಿಕೊಂಡ.

ಹೀಗಿರುವಾಗ ಗಾಳೇಶನ ದರ್ಶನವಾಯಿತು.

ಗಾಳೇಶ ಪಂಪಣ್ಣನ ಅಕ್ಕನ ಮಗ. ಮೊದಲು ಹಂಪಿಯ ಎದುರು ದಂಡೆಯ ವಿರೂಪಾಪುರಗಡ್ಡೆಯಲ್ಲಿ ಫಾರಿನ್ನವರಿಗೆ ಅಡುಗೆ ಮಾಡಿಕೊಂಡಿದ್ದ. ಗಡ್ಡೆಯ ಹೋಟೆಲುಗಳೆಲ್ಲ ಎದ್ದುಹೋದ ಮೇಲೆ ಗಂಗಾವತಿ ಬಸ್ ಸ್ಟ್ಯಾಂಡಿನ ಹತ್ತಿರ ಎಗ್ ರೈಸ್ ಬಂಡಿ ಹಾಕಿದ್ದ. (ಲಿಂಗ ಕಟ್ಟಿದ ಮನೆತನದ ಹುಡುಗ ಮೊಟ್ಟೆ ಒಡೆಯುತ್ತಾನೆಂಬುದು ಬಳಗಕ್ಕೆಲ್ಲ ಗೊತ್ತು, ಯಾರೂ ಮಾತಾಡುವುದಿಲ್ಲ.) ತನಗೆ ಹನ್ನೆರಡು ದೇಶದ ಅಡುಗೆ ಬರುತ್ತದೆ ಎನ್ನುತ್ತಿದ್ದ. ಹನ್ನೆರಡಕ್ಕೂ ಒಂದೇ ಬೋಗುಣಿಯ ಶುಂಠಿ-ಬೆಳ್ಳುಳ್ಳಿ ಪೇಸ್ಟು ಎಂಬುದನ್ನು ಅವನು ಹೇಳುತ್ತಿರಲಿಲ್ಲ. ತಿಂದವರೂ ದೂರಲಿಲ್ಲ, ಅವರು ಬೇರೆಯೇ ಲೋಕದಲ್ಲಿರುತ್ತಿದ್ದರು.

"ಮಾವ, ಅತ್ತೀಗೆ ಔಷಧ ಕೊಡೂದು ಬಿಡ್ರಿ. ಟಾಮ್ ಯಮ್ ಕುಡಸ್ರಿ" ಎಂದ ಗಾಳೇಶ.

"ಯಮನ ಹೆಸರ್ಯಾಕ ತಗೀತೀಯೋ ಭಾಡ್ಯಾ, ಮೊದಲs ಮನ್ಯಾಗ ಆರಾಮಿಲ್ಲ."

"ಯಮ ಅಲ್ಲ ಮಾವ. ಥೈಲ್ಯಾಂಡಿನ ಸಾರು ಅದು. ಖಾರ ಅಂದ್ರ ಖಾರ, ಹುಳಿ ಅಂದ್ರ ಹುಳಿ. ಗಡ್ಡ್ಯಾಗ ಒಬ್ಬ ಫಾರಿನ್ ಹೆಣ್ಮಗಳು ಥಂಡಿ ಹತ್ತಿ ಮೂಗು ಬಾಯಿ ಎಲ್ಲಾ ಕಟ್ಟಿ ಮಲಗಿದ್ಲು. ಒಂದು ಬಟ್ಟಲ ಕುಡಿಸಿದೆ ನೋಡ್ರಿ, ಎದ್ದು ಕುಂತು ಗಳಗಳ ಅತ್ಲು."

"ಆರಾಮಾದ್ಲೇನು?"

"ಮರುದಿನ ಮುಂಜಾನೆನ ಬ್ಯಾಗ್ ಕಟಗೊಂಡು ಊರ ಬಿಟ್ಟು ಹೋದ್ಲು!"

ಪಂಪಣ್ಣ ಇದನ್ನು ಗುಣವಾದ ಲಕ್ಷಣವೆಂದೇ ತಿಳಿದುಕೊಂಡ. ಸತ್ತ ನಾಲಿಗೆಗೆ ಪೆಟ್ಟು ಬೀಳಬೇಕು, ಆಗ ಎಚ್ಚರಾಗುತ್ತದೆ. ತುಕ್ಕು ಹಿಡಿದ ಗೇಟನ್ನು ಅವನು ಸುತ್ತಿಗೆಯಿಂದ ಹೊಡೆದೇ ಸಡಿಲಿಸುತ್ತಿದ್ದದ್ದು. ಸಾಮಾನು ಹೇಳು ಎಂದ.

"ಮೊದಲು ಸಿಗಡಿ."

"ಲೇ!"

"ಹಂಗಾರ ಸೋಯಾ ಉಂಡಿ ಹಾಕ್ರಿ, ನೋಡಾಕ ಒಂದ ನಮೂನಿ ಕಾಣತಾವು. ಆಮ್ಯಾಲೆ ಮೀನಿನ ರಸ, ಬಾಟ್ಲ್ಯಾಗ ಸಿಗತೈತಿ..."

"ಗಾಳೇಶಾ, ನಿಮ್ಮ ಅತ್ತಿ ನನ್ನ ಮನಿ ಹೊರಗ ಹಾಕ್ತಾಳ."

"ಬಿಡ್ರಿ, ಅದನ್ನ ಬಿಟ್ರೂ ನಡೀತೈತಿ. ಮಜ್ಜಿಗಿ ಹುಲ್ಲು, ರಾಸ್ನಾ ಬೇರು, ನಿಂಬಿ ಎಲಿ, ತೆಂಗಿನಹಾಲು, ಹುಣಸಿಹಣ್ಣು, ಗುಂಟೂರು ಮೆಣಸಿನಕಾಯಿ. ಎಲ್ಲಾ ಕುದಿಸಿ ಬಿಡ್ರಿ. ಕಣ್ಣಾಗ ನೀರು ಬಂತಂದ್ರ ಸಾರು ಆತಂತ ತಿಳೀರಿ."

ಹುಲ್ಲು, ಬೇರು ಎರಡೂ ಸಿಗುವುದು ಪೇಟೆಯಲ್ಲಿರುವ ಶಬ್ಬೀರಸಾಬರ ನಾಟಿ ಔಷಧದ ಅಂಗಡಿಯಲ್ಲಿ. ಶಬ್ಬೀರಸಾಬ ಪಂಪಣ್ಣನ ಓಣಿಯವರೇ, ಮಾತು ಕಮ್ಮಿ. ಬೇರು ತೂಗುತ್ತ, "ಯಾರಿಗ್ರಿ ಪಂಪಣ್ಣಾರ?" ಎಂದು ಮೆಲ್ಲಗೆ ಕೇಳಿದರು.

"ನಮ್ಮ ಮನಿಯಾಕಿಗ್ರಿ."

ಪಂಪಣ್ಣನಿಗೆ ತಿಳಿಯದ ಸಂಗತಿಯೆಂದರೆ, ಆ ಓಣಿಯಲ್ಲಿ ಆ ಬೇರನ್ನೂ ಆ ಹುಲ್ಲನ್ನೂ ಒಟ್ಟಿಗೆ ಕುದಿಸುವುದು ಕಫ ಎದೆಗೆ ಇಳಿದವರಿಗೆ. ಅದೂ ದೊಡ್ಡಾಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ. ಶಬ್ಬೀರಸಾಬ ತಕ್ಕಡಿಯಲ್ಲಿ ಇನ್ನೆರಡು ತುಂಡು ಬೇರು ಹೆಚ್ಚಿಗೆ ಹಾಕಿದರು. "ಅಲ್ಲಾ ಒಳ್ಳೇದ ಮಾಡ್ತಾನ, ಧೈರ್ಯ ಬಿಡಬ್ಯಾಡ್ರಿ" ಎಂದರು. ವ್ಯಾಪಾರಿಯೊಬ್ಬ ಕೇಳದೆಯೇ ತೂಕ ಹೆಚ್ಚು ಕೊಟ್ಟದ್ದು ಪಂಪಣ್ಣನ ಅನುಭವದಲ್ಲಿ ಅದೇ ಮೊದಲು. ಇದು ಶುಭಶಕುನವೆಂದು ಅವನು ಖುಷಿಪಟ್ಟ.

ನಿಂಬೆ ಎಲೆ ಪಕ್ಕದ ಮನೆಯ ವಿರೂಪಾಕ್ಷಮ್ಮನ ಹಿತ್ತಲಲ್ಲಿತ್ತು. "ಯಾಕ್ರಿ ಅಣ್ಣಾರ, ಶಾಂತಕ್ಕಗ ಇನ್ನೂ ಆರಾಮಿಲ್ಲೇನು? ಡಾಕ್ಟರು ಏನಂತಾರ?" ಎಂದಳು ಆಕೆ.

"ಡಾಕ್ಟರ ಕೈಯಾಗ ಇನ್ನ ಏನೂ ಇಲ್ಲ ಯವ್ವಾ. ಈಗೇನಿದ್ರೂ ನಾವs ಮಾಡಬೇಕು" ಎಂದು ಪಂಪಣ್ಣ ನಿಟ್ಟುಸಿರಿಟ್ಟ. ಡಾಕ್ಟರ ಮೇಲಿನ ಸಿಟ್ಟಿನಿಂದ ಬಂದ ಮಾತು ಅದು. ವಿರೂಪಾಕ್ಷಮ್ಮ ಮಾತ್ರ ಸೆರಗು ಬಾಯಿಗೆ ಹಚ್ಚಿಕೊಂಡು, ಎಲೆಯಷ್ಟೇ ಅಲ್ಲ, ಒಂದು ರೆಂಬೆಯನ್ನೇ ಮುರಿದು ಕೊಟ್ಟಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಪಂಪಣ್ಣ ಅಡುಗೆಮನೆಯನ್ನು ವಶಪಡಿಸಿಕೊಂಡ. ಶಾಂತಕ್ಕನನ್ನು ಹೊಸ್ತಿಲಾಚೆ ಕೂಡಿಸಿ, ಇಂದು ನೀನು ರೋಗಿ, ನಾನು ವೈದ್ಯ ಎಂದು ಘೋಷಿಸಿದ.

"ರೀ, ಆ ಪಾತ್ರಿ ಬ್ಯಾಡ್ರಿ, ತಳ ತೆಳ್ಳಗೈತಿ, ಹತ್ತತೈತಿ."

"ಸುಮ್ನಿರು. ನಾ ಎಂಥೆಂಥ ಡ್ಯಾಮು ನೋಡೀನಿ."

"ಡ್ಯಾಮಿಗೆ ತಳ ಹತ್ತೂದಿಲ್ರಿ. ಉರಿ ಸಣ್ಣ ಮಾಡ್ರಿ."

ಅವನು ಉರಿಯನ್ನು ಇನ್ನಷ್ಟು ಏರಿಸಿದ. ಮೆಣಸಿನಕಾಯಿಯನ್ನು ಎಣ್ಣೆಗೆ ಮೊದಲು ಅರ್ಧ ಗೇಟಿನಷ್ಟು ಬಿಟ್ಟ. ಗಾಳೇಶ ಹೇಳಿದ ಕಣ್ಣೀರು ಬರಲಿಲ್ಲವೆಂದು ಪೂರ್ತಿ ಗೇಟು ಎತ್ತಿದ. ಆಗ ಬಂತು ನೋಡಿ. ಅವನ ಕಣ್ಣಲ್ಲಿ, ಶಾಂತಕ್ಕನ ಕಣ್ಣಲ್ಲಿ, ಕಿಟಕಿಯಾಚೆ ಮಲಗಿದ್ದ ನಾಯಿಯ ಕಣ್ಣಲ್ಲಿ ಒಂದೇ ಸಲಕ್ಕೆ ಪ್ರವಾಹ. ಗಂಡ ಹೆಂಡತಿ ಇಬ್ಬರೂ ಎದೆ ಹಿಡಿದುಕೊಂಡು ಕೆಮ್ಮುವುದು ಓಣಿಯ ಕೊನೆಯ ಮನೆಗೂ ಕೇಳಿಸಿತು. ಕೆಮ್ಮಿನ ಹಿಂದೆಯೇ ಹುಲ್ಲು, ಬೇರು ಕುದಿಯುವ ಕಷಾಯದ ವಾಸನೆ ಮನೆಯಿಂದ ಮನೆಗೆ ಹೊಕ್ಕಿತು.

"ತೆಂಗಿನಹಾಲು ಈಗs ಹಾಕಬ್ಯಾಡ್ರಿ, ಒಡೀತೈತಿ! ಆ ಬೇರು ಬ್ಯಾರೆ ಮುಗ್ಗಲು ವಾಸನಿ ಹೊಡ್ಯಾಕತ್ತೈತಿ..."

"ನಿನಗ ವಾಸನಿ ಎಲ್ಲೆ ತಿಳೀತೈತಿ?"

"ಅಂದಾಜಿಗೆ ಅಂದೆ" ಎಂದು ಶಾಂತಕ್ಕ ಮುಖ ಆಚೆ ತಿರುಗಿಸಿದಳು. ಪಾಪ, ವಾಸನೆಯನ್ನೂ ಅಂದಾಜಿನಿಂದ ಹೇಳುವ ಕಾಲ ಬಂತಲ್ಲ ಇವಳಿಗೆ ಎಂದು ಪಂಪಣ್ಣ ಇಡೀ ಬಟ್ಟಲು ತೆಂಗಿನಹಾಲನ್ನು ಒಂದೇ ಸಲ ಸುರುವಿದ.

ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ವಿರೂಪಾಕ್ಷಮ್ಮ, ಅವಳ ಹಿಂದೆ ತರಕಾರಿ ಮಾರುವ ಪಕ್ಕೀರವ್ವ, ಅವಳ ಹಿಂದೆ ಹಸನಬೀ, ಅವರ ಹಿಂದೆ ಇನ್ನೂ ಕೆಲವರು. ಒಬ್ಬರ ಕೈಯಲ್ಲಿ ಬ್ರೆಡ್ಡು, ಒಬ್ಬರ ಕೈಯಲ್ಲಿ ಬಾಳೆಹಣ್ಣು, ಒಬ್ಬರ ಕೈಯಲ್ಲಿ ಎಳನೀರು. ಈ ಸೀಮೆಯಲ್ಲಿ ಬ್ರೆಡ್ಡು-ಬಾಳೆಹಣ್ಣು ಹಿಡಿದು ಒಬ್ಬರ ಮನೆಗೆ ಹೋದರೆಂದರೆ ಅದಕ್ಕೆ ಒಂದೇ ಅರ್ಥ. ರೋಗಿಯನ್ನು ಮಾತಾಡಿಸಲು ಬಂದಿದ್ದಾರೆ.

ಅವರು ಶಾಂತಕ್ಕನ ಸುತ್ತ ಚಾಪೆ ಹಾಸಿಕೊಂಡು ಕೂತರು. ಅವಳ ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ಅದನ್ನು ನೋಡಿ ಪಕ್ಕೀರವ್ವನ ಕಣ್ಣಲ್ಲೂ ನೀರು ಬಂತು. (ಒಂದು ಪಾಲು ದುಃಖ, ಮೂರು ಪಾಲು ಮೆಣಸಿನಕಾಯಿ.)

"ಅಳಬ್ಯಾಡ ತಂಗಿ. ಎಲ್ಲಾರೂ ಒಂದಿನ ಹೋಗೋರs."

"ಎಲ್ಲಿಗೆ?" ಎಂದಳು ಶಾಂತಕ್ಕ ಗಾಬರಿಯಾಗಿ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೋಗಿಗೆ ಇನ್ನೂ ಹೇಳಿಲ್ಲ ಎಂಬುದು ಅವರಿಗೆ ಖಾತ್ರಿಯಾಯಿತು. ಆಮೇಲೆ ಯಾರೂ ಕಾಯಿಲೆಯ ಮಾತು ಎತ್ತಲಿಲ್ಲ. ಬದಲಿಗೆ ಕಾಯಿಲೆಯಿಂದ ಸತ್ತವರ ಮಾತು ಎತ್ತಿದರು. ಅಳವಂಡಿಯಲ್ಲಿದ್ದ ಹಸನಬೀಯ ನಾದಿನಿ ಹೀಗೇ ಗಟ್ಟಿಮುಟ್ಟಾಗಿ ಕೂತು ಮಾತಾಡುತ್ತಿದ್ದಳಂತೆ, ಸಂಜೆ ಇಲ್ಲ. ಪಕ್ಕೀರವ್ವನ ಮಾವ ಒಂದು ಕಪ್ಪು ಚಹಾ ಕೇಳಿದನಂತೆ, ಚಹಾ ಬರುವಷ್ಟರಲ್ಲಿ ಇಲ್ಲ. "ನಿನ್ನ ಕೈಯ ಹೋಳಿಗಿ ರುಚಿ ಈ ಓಣ್ಯಾಗ ಯಾರಿಗೂ ಬರ್ಲಿಲ್ಲ ಬಿಡವಾ" ಎಂದು ವಿರೂಪಾಕ್ಷಮ್ಮ ಈಗಾಗಲೇ ಹೋದವರ ಬಗ್ಗೆ ಮಾತಾಡುವ ಧಾಟಿಯಲ್ಲಿ ಹೊಗಳಿದಳು.

ಶಾಂತಕ್ಕನ ಮುಖ ಬಿಳಚಿಕೊಂಡಿತು. ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ಪಿಸುದನಿಯಲ್ಲಿ ಕೇಳಿದಳು.

"ರೀ, ಡಾಕ್ಟರು ನಿಮ್ಮೊಬ್ಬರ ಮುಂದ ಏನರ ಹೇಳ್ಯಾರೇನು? ನನ್ನ ಮುಂದ ಮುಚ್ಚಿಡಬ್ಯಾಡ್ರಿ."

"ಏನೂ ಹೇಳಿಲ್ಲ. ಹೋಗು, ಕುಂದರು. ಸೂಪ್ ಆತು."

"ಏನೂ ಹೇಳದ ಇವರೆಲ್ಲಾ ಬ್ರೆಡ್ಡು ತಂದಾರೇನು?"

ಜನ ಸೇರಿದ್ದು ಪಂಪಣ್ಣನಿಗೆ ಹುರುಪು ತಂದಿತ್ತು. ಗೇಟು ಎತ್ತುವ ದಿನ ಏರಿಯ ಮೇಲೆ ಊರೇ ನೆರೆಯುತ್ತಿದ್ದದ್ದು ನೆನಪಾಯಿತು. ಅತಿಥಿಗಳಿಗೆಂದು ಇಟ್ಟಿದ್ದ ಪಿಂಗಾಣಿ ಬಟ್ಟಲಲ್ಲಿ ಸೂಪು ತುಂಬಿಸಿ, ಮೇಲೊಂದು ನಿಂಬೆ ಎಲೆ ತೇಲಿಬಿಟ್ಟು, ತೀರ್ಥ ತರುವ ಪೂಜಾರಿಯಂತೆ ಹೊರಗೆ ಬಂದ. ಬಣ್ಣ ಮಳೆಗಾಲದ ಮೊದಲ ಹೊಳೆನೀರಿನದು. ಅದರಲ್ಲಿ ಸೋಯಾ ಉಂಡೆಗಳು ಮುಳುಗುತ್ತ ಏಳುತ್ತ ಇದ್ದವು.

"ಕುಡಿ" ಎಂದ. ಇದೂ ಕೈಕೊಟ್ಟರೆ ಮುಂದೆ ಏನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ.

ಶಾಂತಕ್ಕ ಅವನ ಮುಖ ನೋಡಿದಳು, ಬಟ್ಟಲು ನೋಡಿದಳು, ಒಂದು ದೊಡ್ಡ ಗುಟುಕು ಎಳೆದಳು. ಬೇವಿಗೂ ಹಾಗಲಕಾಯಿಗೂ ಅಲುಗದ ಆ ಮುಖ ಮೊದಲು ಗಟ್ಟಿಯಾಗಿಯೇ ಇತ್ತು. ಆಮೇಲೆ ಎಡಗಣ್ಣು ಮುಚ್ಚಿತು. ಆಮೇಲೆ ಬಲಗಣ್ಣು. ಕಿವಿ ಕೆಂಪಾಯಿತು. ಕೊನೆಗೆ ಕಟ್ಟೆ ಒಡೆಯಿತು.

"ಯಪ್ಪಾ ಯಪ್ಪಾ ಯಪ್ಪಾ! ಏನ್ ಹುಳಿರೀ ಇದು, ಹಲ್ಲು ಜುಂ ಅಂದ್ವು! ಹಸಿ ಹುಣಸಿಹಣ್ಣು ಹಂಗs ಹಿಚುಕೀರಿ! ಮೆಣಸಿನಕಾಯಿ ಕರಕಾಗೇತಿ, ಬೇರು ಮುಗ್ಗಲು, ತೆಂಗಿನಹಾಲು ಒಡದು ಮುದ್ದಿ ಮುದ್ದಿ ಆಗೇತಿ! ಮತ್ತ ಉಪ್ಪೆಲ್ಲೆ? ಇಷ್ಟೆಲ್ಲಾ ಹಾಕೀರಿ, ಒಂದು ಹಳ್ಳು ಉಪ್ಪು ಹಾಕಿಲ್ಲಲ್ರೀ!"

(ಹಾಕಿರಲಿಲ್ಲ, ನಿಜ. ಆ ಸಾರಿಗೆ ಉಪ್ಪೆಂದರೆ ಆ ಮೀನಿನ ರಸವೇ ಎಂಬುದನ್ನು ಗಾಳೇಶ ಹೇಳಿರಲಿಲ್ಲ. ರಸ ಬಿಟ್ಟುಹೋಯಿತು, ಅದರ ಜೊತೆಗೆ ಉಪ್ಪೂ ಬಿಟ್ಟುಹೋಯಿತು.)

ಮೊದಲು ಬಾಯಿ ಬಿಟ್ಟವಳು ವಿರೂಪಾಕ್ಷಮ್ಮ.

"ಉಪ್ಪಿಲ್ಲಂತ! ಯವ್ವಾ, ಆಕಿಗೆ ಉಪ್ಪಿಲ್ಲಂತ ತಿಳೀತು! ರುಚಿ ಬಂತಲ್ರೆವಾ!"

ಮುಂದಿನದನ್ನು ವರ್ಣಿಸಲು ಈ ಲೇಖನಿಗೆ ಶಕ್ತಿಯಿಲ್ಲ. ಸಾವಿನ ಮನೆಯಂತಿದ್ದದ್ದು ಗಳಿಗೆಯಲ್ಲಿ ಮದುವೆಮನೆಯಾಯಿತು. ಎಲ್ಲರೂ ಪಂಪಣ್ಣನನ್ನು ಹೊಗಳಿದರು. ಪಕ್ಕೀರವ್ವ ತನ್ನ ಮೊಣಕಾಲಿಗೆ ಒಂದು ಲೋಟ ಕೇಳಿದಳು. ವಿರೂಪಾಕ್ಷಮ್ಮ ಗಂಡನ ಸಕ್ಕರೆ ಕಾಯಿಲೆಗೆ ಒಂದು ತಂಬಿಗೆ ತುಂಬಿಸಿಕೊಂಡಳು. ಹಸನಬೀ ಯಾವ ರೋಗಕ್ಕೆಂದು ಹೇಳಲಿಲ್ಲ, ಆದರೆ ಸೌಟು ಅವಳೇ ಹಿಡಿದಳು. ಪಾತ್ರೆ ತಳ ಕಂಡಿತು. ಪಂಪಣ್ಣ ಬಾಗಿಲಿಗೆ ಒರಗಿ ನಿಂತು, "ದಿನಕ್ಕೊಂದs ಸಲ, ಉಂಡ ಮ್ಯಾಲೆ" ಎಂದು ಒಬ್ಬೊಬ್ಬರಿಗೂ ಪಥ್ಯ ಹೇಳಿ ಕಳಿಸಿದ.

ಎಲ್ಲರೂ ಹೋದ ಮೇಲೆ ಅವನು ಕುರ್ಚಿಯಲ್ಲಿ ಮೈಚೆಲ್ಲಿ ಕೂತ. ಎಷ್ಟೋ ತಿಂಗಳ ನಂತರ ಎದೆ ಹಗುರಾಗಿತ್ತು. ಶಾಂತಕ್ಕ ಬ್ರೆಡ್ಡು-ಬಾಳೆಹಣ್ಣಿನ ರಾಶಿಯ ನಡುವೆ ತಲೆ ತಗ್ಗಿಸಿ ಕೂತಿದ್ದಳು.

"ಇನ್ನ ನಾಳಿಂದ ನನಗ ಅಡಗಿಮನಿ ಕೆಲಸ ಇಲ್ಲ. ಮುಂಜಾನೆದ್ದು ಬೆಂಚಿಗೆ ಹೊಂಟೆ" ಎಂದ.

ಅವಳು ಬ್ರೆಡ್ಡಿನ ಪೊಟ್ಟಣಗಳನ್ನು ಒಂದರ ಮೇಲೊಂದು ಒಟ್ಟತೊಡಗಿದಳು.

"ಡಾಕ್ಟರ ಕೈಯಾಗ ಆಗದ್ದು ಈ ಕೈಯಾಗ ಆತು. ಗಾಳೇಶನ ಬಂಡಿಗೆ ಬೋರ್ಡು ಬರಸೂಣು. ಹೋದ ರುಚಿ ತರಿಸುವ ಪಂಪಣ್ಣನ ಸೂಪು, ಅಂತ."

ಅಲ್ಲಿಯವರೆಗೆ ತಡೆದುಕೊಂಡಿದ್ದ ಶಾಂತಕ್ಕನಿಗೆ ಇನ್ನು ಆಗಲಿಲ್ಲ. ಹುಟ್ಟಾ ಅಡುಗೆಯವಳು ಅವಳು. ಬೇರೆ ಏನನ್ನಾದರೂ ನುಂಗಿಯಾಳು, ಆ ಬಟ್ಟಲಿಗೆ ಹೆಸರು ಬರುವುದನ್ನು ನುಂಗಲಾರಳು.

"ಆ ಕೊಳಚಿ ನೀರಿನಿಂದ ನನ್ನ ನಾಲಿಗಿ ಬಂತಂತ ಊರಾಗ ಹೇಳ್ಕೋತ ತಿರಗಬ್ಯಾಡ್ರಿ. ಅದು ದೀಪಾವಳಿ ಮುಂದನ ಬಂದೈತಿ."

ಪಂಪಣ್ಣ ಕುರ್ಚಿಯಲ್ಲಿ ನೆಟ್ಟಗೆ ಕೂತ. ಸಂಕ್ರಾಂತಿ ಕಳೆದು ವಾರವಾಗಿತ್ತು.

"ಮತ್ತ ಹಾಗಲಕಾಯಿ ರಸ?"

"ಕುಡದೆ."

"ಬೇವಿನ ಚಿಗರು?"

"ತಿಂದೆ. ದೇವರಿಗೇ ಗೊತ್ತು ಹೆಂಗ ತಿಂದೆ ಅನ್ನೂದು."

"ಮತ್ತ ಆವತ್ತು ಬ್ಯಾಳಿಯಾಗ ಉಪ್ಪು ಸುರಿದಿದ್ದು?"

"ಬೇಕಂತನ. ನೀವು ಎರಡು ದಿನದಿಂದ ಉಪ್ಪು ಸರಿ ಐತಿ ಅಂತ ಹೊರಗಿಂದನ ಹೇಳಾಕತ್ತಿದ್ರಿ, ಒಳಗ ಬಂದಿರ್ಲಿಲ್ಲ."

ಪಂಪಣ್ಣನಿಗೆ ಸಿಟ್ಟು ಬರಬೇಕಿತ್ತು. ಬಾಯಿ ತೆರೆದ, ಬಂದದ್ದು "ಯಾಕ?" ಎಂಬ ಒಂದೇ ಮಾತು.

ಶಾಂತಕ್ಕ ಬಾಳೆಹಣ್ಣಿನ ಚಿಪ್ಪನ್ನು ಇತ್ತ ಇಟ್ಟಳು, ಅತ್ತ ಇಟ್ಟಳು. "ಮದಿವಿ ಆದಾಗಿಂದ ನಿಮಗ ಬುತ್ತಿ ಕಟ್ಟಿ ಕಟ್ಟಿ ಕಾಲುವಿಗೆ ಕಳಿಸೀನಿ. ಡಬ್ಬಿ ಖಾಲಿ ಬರತಿತ್ತು. ನೀವು ಉಂಡ್ರೋ, ದಾರ್ಯಾಗ ಯಾರಿಗರ ಕೊಟ್ರೋ, ರುಚಿ ಹತ್ತಿತ್ತೋ ಇಲ್ಲೋ, ನನಗೇನ್ ಗೊತ್ತು? ನೌಕರಿ ಮುಗೀತು ಅಂದ್ರ ಬೆಂಚಿಗೆ ಹೋಗಿ ಕುಂತ್ರಿ. ನಾ ಮಾಡಿದ್ದು ನೀವು ನನ್ನ ಮುಂದ ನಿಂತು ರುಚಿ ನೋಡಿದ್ದು ಈ ಜಡ್ಡಿನಾಗs. ಜಡ್ಡು ಹೋತು ಅಂದ್ರ ನೀವೂ ಹೋಗ್ತಿದ್ರಿ. ಈಗ ನೋಡ್ರಿ, ಹೊಂಟೆ ಅಂದ್ರಲ್ಲ."

ಪಂಪಣ್ಣನ ವೈದ್ಯಪದವಿ ಹೋಯಿತು. ಹುಲಿಗೆಮ್ಮನ ಹರಕೆಯೂ ದಂಡ.

ಆಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಶಬ್ಬೀರಸಾಬ. ಅಂಗಡಿ ಮುಚ್ಚಿ ನೇರ ಬಂದಿದ್ದರು, ಕೈಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿ. ಕೂಡ್ರಿ ಎಂದರೂ ಕೂರಲಿಲ್ಲ.

"ಹಸನಬೀ ಹೇಳಿದ್ಲು, ಶಾಂತಕ್ಕಾರಿಗೆ ರುಚಿ ಬಂತಂತ. ಭಾಳ ಸಂತೋಷ ಆತ್ರಿ. ಪಂಪಣ್ಣಾರ, ಯಾರ ಮುಂದೂ ಹೇಳಿಲ್ಲ ನಾನು. ನಮ್ಮ ಮನಿಯಾಕಿ ಅಬೇದಾಬಿಗೂ ಆ ಜ್ವರದಾಗ ಹೋದ ರುಚಿ ಇನ್ನೂ ಬಂದಿಲ್ರಿ. ಅಂಗಡ್ಯಾಗಿನ ಬೇರೆಲ್ಲಾ ಕುದಿಸಿ ಕೊಟ್ಟೆ. ಒಂದು ಡಬ್ಬಿ ಕೊಟ್ರ ಉಪಕಾರ ಆಗತೈತಿ."

ಪಂಪಣ್ಣನ ತುಟಿಯಲ್ಲಿ ಹೊಸ ಜ್ಞಾನಿಯ ನಗೆಯೊಂದು ಮೂಡಿತು. ಈಗ ಅವನಿಗೆ ಹೆಂಗಸರ ಈ ರೋಗದ ಗುಟ್ಟು ಗೊತ್ತು. ನೋಡತೀನಿ ನಿಲ್ರಿ ಎಂದು ಒಳಗೆ ಹೋದ. ಹಿಂದೆಯೇ ಬಂದ ಶಾಂತಕ್ಕನಿಗೆ ಕಣ್ಣು ಮಿಟುಕಿಸಿ, "ಅಬೇದಾಬಿಗೂ ನೀನs ಕಲಿಸಿಯೇನು ಈ ನಾಟಕಾ?" ಎಂದ.

ಶಾಂತಕ್ಕ ನಗಲಿಲ್ಲ.

"ಆಕಿದು ಖರೇನ ಹೋಗೇತ್ರಿ. ಮೊನ್ನೆ ಕರದು ಪಾಯಸ ಕೊಟ್ಲು. ಸಕ್ಕರಿ ಅಂತ ಉಪ್ಪು ಹಾಕ್ಯಾಳ, ಆಕಿಗೆ ಗೊತ್ತಿಲ್ಲ. ನಾನೂ ರುಚಿ ಇಲ್ಲದಾಕಿ ಅಂತ ಧೈರ್ಯದಿಂದ ಕರದಿದ್ಲು, ಜೋಡಿ ಕುಂತು ಕುಡೀಯಾಕ. ಪೂರ್ತಿ ಬಟ್ಟಲ ಕುಡದೆ. ಛಲೋ ಆಗೇತಿ ಅಂದೆ. ಮನಿಗೆ ಬಂದು ಭಾಳ ಅತ್ತೆ. ನಂದು ಬಂದೈತಿ ಅಂತ ಆಕಿ ಮುಂದ ಹೆಂಗ ಹೇಳ್ಲಿ?"

ಹೊರಗೆ ಶಬ್ಬೀರಸಾಬ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡುವ ಸದ್ದು ಕೇಳಿಸುತ್ತಿತ್ತು. ನಿಜ ಹೇಳಿದರೆ ಹೆಂಡತಿಯ ಮಾನ ಹೋಗುತ್ತದೆ. ಸುಳ್ಳು ಹೇಳಿದರೆ ಆ ಮನುಷ್ಯ ನಾಳೆಯಿಂದ ಆಸೆ ಕಟ್ಟಿಕೊಂಡು ಕಾಯುತ್ತಾನೆ. ಪಾತ್ರೆಯಲ್ಲಿ ಸೂಪು ಸಹ ಇರಲಿಲ್ಲ, ಕರಿ ಹಿಡಿದ ತಳ ಒಂದೇ ಇತ್ತು.

"ಏನ್ ಮಾಡ್ಲಿ?" ಎಂದ ಪಂಪಣ್ಣ. ಎಂಥೆಂಥ ನೀರಿನ ಜಗಳ ಬಿಡಿಸಿದವನು, ಹೆಂಡತಿಯನ್ನು ಹೀಗೆ ಕೇಳಿದ್ದು ಅದೇ ಮೊದಲು.

"ಮಾಡಿ ಕೊಡಬ್ಯಾಡ್ರಿ. ಮಾಡೂದು ಹೇಳಿಕೊಡ್ರಿ. ಅವರs ಮನ್ಯಾಗ ನಿಂತು ಮಾಡ್ಲಿ."

"ಅದರಿಂದ ಆಕಿಗೆ ರುಚಿ ಬರತೈತೇನು?"

"ಬರೂದಿಲ್ಲ. ಆದ್ರ ಒಬ್ಬಾಕಿನ ಒಲಿ ಮುಂದ ಕುಂದರೂದು ತಪ್ಪತೈತಿ."

ಪಂಪಣ್ಣ ಹೊರಗೆ ಬಂದು ಗಂಟಲು ಸರಿಮಾಡಿಕೊಂಡ. ಈ ಔಷಧ ಒಬ್ಬರ ಕೈಯಿಂದ ಇನ್ನೊಬ್ಬರು ಒಯ್ದರೆ ನಾಟುವುದಿಲ್ಲ, ಗಂಡನಾದವನು ಸ್ವತಃ ಹೆಂಡತಿಯ ಎದುರೇ ನಿಂತು ಕುದಿಸಬೇಕು, ಅದೇ ಇದರ ನೇಮ ಎಂದು ಗಂಭೀರವಾಗಿ ಹೇಳಿದ. ಶಬ್ಬೀರಸಾಬ ತಲೆಯಾಡಿಸಿದರು. ಹುಲ್ಲು, ಬೇರು, ಎಲೆ, ಹಾಲು, ಹುಣಸೆ, ಮೆಣಸಿನಕಾಯಿ ಎಲ್ಲವನ್ನೂ ಅವರು ಬೆರಳು ಮಡಚಿ ಮಡಚಿ ಬಾಯಿಪಾಠ ಮಾಡಿಕೊಂಡು ಹೋದರು.

ಮರುದಿನ ಮುಂಜಾನೆ ಪಂಪಣ್ಣ ಬೆಂಚಿಗೆ ಹೋಗಲಿಲ್ಲ. ಯಾಕೆಂದು ಶಾಂತಕ್ಕನೂ ಕೇಳಲಿಲ್ಲ. ಸಂಜೆ ಶಬ್ಬೀರಸಾಬ ಬಂದರು. ಅಂಗೈಯಲ್ಲಿ ಸುಟ್ಟ ಗಾಯ, ಕಣ್ಣು ಕೆಂಪು.

"ಮಾಡಿದೆ ಪಂಪಣ್ಣಾರ. ಆಕಿ ಬಾಜೂಕ ಕುಂತು ನಕ್ಕಿದ್ದೇ ನಕ್ಕಿದ್ದು. ಉರಿ ಸಣ್ಣ ಮಾಡ್ರಿ, ಕೈ ಸುಡತೈತಿ ಅಂತ ಒಂದ ಸವನ ಬೈದ್ಲು. ಆಮ್ಯಾಲೆ ಒಂದು ಬಟ್ಟಲ ಪೂರ್ತಿ ಕುಡದ್ಲು. ಭಾಳ ಛಲೋ ಆಗೇತಿ, ಉಪ್ಪು ಖಾರ ಎಲ್ಲಾ ಬರೋಬರಿ ಐತಿ ಅಂದ್ಲು."

"ಅಂದ್ರ ರುಚಿ ಬಂತಲ್ರೀ ಶಬ್ಬೀರಸಾಬ್ರ!" ಎಂದು ಪಂಪಣ್ಣ ಎದ್ದು ನಿಂತ. ಒಂದು ಗಳಿಗೆ ಅವನಿಗೆ ತನ್ನ ಸೂಪಿನ ಮೇಲೆ ಮತ್ತೆ ನಂಬಿಕೆ ಬಂದಿತ್ತು.

ಶಬ್ಬೀರಸಾಬ ನೆಲ ನೋಡಿದರು.

"ಉಪ್ಪು ಹಾಕು ಅಂತ ನೀವು ಹೇಳಿರ್ಲಿಲ್ರಿ. ನಾನೂ ಹಾಕಿರ್ಲಿಲ್ಲ."

ಒಳಗೆ ಪಾತ್ರೆ ತಿಕ್ಕುತ್ತಿದ್ದ ಶಾಂತಕ್ಕನ ಕೈ ನಿಂತಿತು. ಪಂಪಣ್ಣ ಕೂತುಬಿಟ್ಟ.

ಶಬ್ಬೀರಸಾಬರೇ ಮೆಲ್ಲಗೆ ಮಾತು ಮುಂದುವರಿಸಿದರು. "ನಾಳೆ ಇದs ಹೊತ್ತಿಗೆ ಬರ್ತೀನ್ರಿ. ಬ್ಯಾರೆ ಏನರ ಅಡಗಿ ಕಲಿಸ್ರಿ ಪಂಪಣ್ಣಾರ. ಇದು ಮಾತ್ರ ಬ್ಯಾಡ. ನಾನೂ ಕುಡದೆ."